ಡೆಲ್ಫಾಳ ಜೇನುಬಣ್ಣದ ಕೋಳಿಗಳು

ಡೆಲ್ಫಾ ರೂಶ್ ಕೋಳಿಮರಿಗಳನ್ನು ಪೆಟ್ಟಿಗೆಗೆ ತುಂಬುವುದನ್ನು ನೋಡುವುದೇ ಒಂದು ಚಂದವಾಗಿತ್ತು. ಒಂದು ಕೈಗೆ ಮೂರು, ಇನ್ನೊಂದಕ್ಕೆ ಎರಡು, ಹೀಗೆ ಐದೈದಾಗಿ ಎತ್ತಿ ತೂತು ಕೊರೆದ ರಟ್ಟಿನ ಪೆಟ್ಟಿಗೆಯೊಳಗೆ ಬಿಡುವಳು. ಅವಳ ಕೈಯಲ್ಲಿ ಒಂದು ಮರಿಯೂ ಕಿರುಚಿದ್ದನ್ನು ನಾನು ಕೇಳಿಲ್ಲ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಆ ಊರಿನ ಹ್ಯಾಚರಿಯಿಂದ ಆ ಪೆಟ್ಟಿಗೆಗಳು ಅಂಚೆಗೆ ಹೋಗಿ, ರೈಲು ಹತ್ತಿ, ಅಯೋವ ರಾಜ್ಯದಿಂದ ಅಮೆರಿಕದ ಮೂಲೆಮೂಲೆಗೆ ಹೋಗುತ್ತಿದ್ದವು. ಆಗತಾನೇ ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇನ್ನೂ ಉಳಿದಿರುತ್ತದೆ. ಎರಡು ಮೂರು ದಿನ ಅದಕ್ಕೆ ಕಾಳೂ ಬೇಡ, ನೀರೂ ಬೇಡ. ಬೇಕಾದದ್ದು ಬಿಸುಪು ಒಂದೇ.

ಆದ್ದರಿಂದ ಚಳಿಯ ದಿನಗಳಲ್ಲಿ ಗಿರಾಕಿ ಕೇಳಿದ ಹೇಂಟೆಮರಿಗಳ ಜೊತೆಗೆ ಬರಿಯ ಬಿಸುಪಿಗೆಂದು ಒಂದಷ್ಟು ಹುಂಜದ ಮರಿಗಳನ್ನೂ ತುಂಬುವುದು ರೂಢಿ. ಮೊಟ್ಟೆಯಿಡುವ ತಳಿಯ ಹುಂಜ ಯಾರಿಗೂ ಬೇಕಿರಲಿಲ್ಲ. ಮಿಕ್ಕವು ಗೋಡೆಯ ಪಕ್ಕದ ಪೀಪಾಯಿಗೆ ಬೀಳುತ್ತಿದ್ದವು. ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದವು ಮೊದಲು, ಮೇಲಿದ್ದವು ಆಮೇಲೆ, ಉಸಿರುಕಟ್ಟಿ ಸಾಯುತ್ತಿದ್ದವು. ಸಂಜೆ ಹಂದಿ ಸಾಕುವವನು ಬಂದು ಒಯ್ಯುತ್ತಿದ್ದನು. ಡೆಲ್ಫಾ ಪೀಪಾಯಿಗೆ ಬೆನ್ನು ಮಾಡಿಯೇ ಕೆಲಸ ಮಾಡುತ್ತಿದ್ದಳು.

ನಾನು ಆ ಊರಿನ ಶಾಲೆಗೆ ಪಾಠ ಹೇಳಲು ಬಂದಾಗ ರೂಶ್ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆನು. ಊಟವೂ ಅವರ ಮೇಜಿನಲ್ಲೇ. ಮನೆಯಲ್ಲಿದ್ದವರು ಇಬ್ಬರು: ಡೆಲ್ಫಾ, ಅವಳ ಅಣ್ಣ ವರ್ಜಿಲ್. ಇಬ್ಬರಿಗೂ ಮದುವೆಯಾಗಿರಲಿಲ್ಲ. ವರ್ಜಿಲನು ಜೋಳದ ಹೊಲ ನೋಡಿಕೊಳ್ಳುತ್ತಿದ್ದನು. ಅಡಿಗೆ, ಬಟ್ಟೆ, ಹಾಲು ಕರೆಯುವುದು, ಅವನ ಬೂಟಿನ ಕೆಸರು ತೆಗೆಯುವುದು ಎಲ್ಲವೂ ಡೆಲ್ಫಾಳ ಪಾಲು; ಅದರ ಮೇಲೆ ಹ್ಯಾಚರಿಯ ದುಡಿಮೆ ಬೇರೆ.

ಅವಳದೆಂದು ಹೇಳಬಹುದಾದದ್ದು ಹಿತ್ತಲಿನ ಕೋಳಿಗಳು ಮಾತ್ರ. ತಾಯಿ ಬಿಟ್ಟುಹೋದ ನಾಲ್ಕಾರು ಕೋಳಿಗಳಿಂದ ವರ್ಷವರ್ಷವೂ ಆರಿಸಿ ಆರಿಸಿ ಬೆಳೆಸಿದ ತಳಿ. ಜೇನಿನ ಬಣ್ಣ, ಹಿಮದ ಚಳಿಗೆ ಮರಗಟ್ಟದಷ್ಟು ಪುಟ್ಟ ಜುಟ್ಟು. ಬಕೆಟ್ಟಿನ ನೀರು ಗಡ್ಡೆಕಟ್ಟುವ ಜನವರಿಯಲ್ಲೂ ಅವು ಮೊಟ್ಟೆಯಿಡುತ್ತಿದ್ದವು. ಅಂಥ ಕೋಳಿ ಆ ಸೀಮೆಯಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ.

ಒಂದು ವರ್ಷ ರಾಜ್ಯದ ಜಾತ್ರೆಯ ಕೋಳಿ ಪ್ರದರ್ಶನದಲ್ಲಿ ದೂರದ ಪಶ್ಚಿಮದ ಆರೆಗನ್ನಿನ ಲೂಥರ್ ಬ್ರೆಕ್ ಎಂಬ ದೊಡ್ಡ ಕೋಳಿ ಸಾಕಣೆಗಾರ ಅವುಗಳನ್ನು ಕಂಡು ಪಂಜರದ ಮುಂದೆ ಬಹಳ ಹೊತ್ತು ನಿಂತನು. ಡೆಲ್ಫಾ ಮನೆಗೆ ಬಂದು ಹೇಳಿದಾಗ ಅವಳ ಕೆನ್ನೆ ಕೆಂಪಾಗಿತ್ತು.

"ಮೊಟ್ಟೆ ಅಂಚೇಲಿ ಕಳ್ಸು ಅಂದ್ರು. ಅದರಲ್ಲಿ ಅರ್ಧದಷ್ಟು ಮರಿಯಾದ್ರೂ ಸಾಕಂತೆ, ಅವರ ಕೋಳಿ ಅಂಗಳ ಪೂರ್ತಿ ನೋಡ್ಕೊಳ್ಳೋ ಕೆಲಸ ನನ್ನ ಕೈಗೆ ಕೊಡ್ತಾರಂತೆ. ಇರೋಕೆ ಪುಟ್ಟ ಮನೇನೂ ಇದೆಯಂತೆ."

ವರ್ಜಿಲ್ ಆಲೂಗಡ್ಡೆ ಕಿವುಚುತ್ತಾ ನಕ್ಕನು. "ಕೇಳಿದ್ರಾ ಟೀಚರ್? ನಲವತ್ತು ದಾಟಿದ ಮೇಲೆ ಇವಳಿಗೆ ರೆಕ್ಕೆ ಮೂಡಿದೆ. ಆ ಬ್ರೆಕ್ಕನಿಗೆ ಕಣ್ಣು ಮಂಜೋ, ಕೋಳಿ ನೋಡಿದ್ನೋ ನಿನ್ನ ನೋಡಿದ್ನೋ?"

"ಕೋಳಿ ನೋಡಿದ್ರು," ಎಂದಳು ಡೆಲ್ಫಾ. "ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ. ಅದಕ್ಕೇ ನಂಬಿಕೆ ಬಂತು."

ಫೆಬ್ರವರಿಯಲ್ಲಿ ಮೊದಲ ಪೆಟ್ಟಿಗೆ ಸಿದ್ಧವಾಯಿತು. ಒಂದೊಂದು ಮೊಟ್ಟೆಗೂ ಪತ್ರಿಕೆಯ ಪಟ್ಟಿ ಸುತ್ತಿ, ಚೂಪುತುದಿ ಕೆಳಗೆ ಮಾಡಿ, ಓಟ್ಸ್ ಹೊಟ್ಟಿನಲ್ಲಿ ಹುದುಗಿಸಿದಳು. ಬೆಳಿಗ್ಗೆ ರಸ್ತೆ ಹಿಮದಿಂದ ಜಾರುತ್ತಿತ್ತು. ವರ್ಜಿಲನೇ ಟೋಪಿ ಹಾಕಿಕೊಂಡು ಎದ್ದನು. "ಕೊಡು ಇಲ್ಲಿ, ಟ್ರಕ್ಕಲ್ಲಿ ಕೊಟ್ಟು ಬರ್ತೀನಿ. ನೀನು ಜಾರಿಬಿದ್ರೆ ರಾತ್ರಿ ಊಟಕ್ಕೇನು ಗತಿ?" ಅವನಿಂದ ಅಷ್ಟು ಉಪಕಾರವನ್ನೂ ಕಾಣದಿದ್ದ ಡೆಲ್ಫಾ ಅವನ ಕೊರಳಿಗೆ ತನ್ನ ಉಣ್ಣೆಯ ಶಾಲು ಸುತ್ತಿ ಕಳುಹಿಸಿದಳು.

ಒಂದು ಮರಿಯೂ ಆಗಲಿಲ್ಲ. ದೀಪಕ್ಕೆ ಹಿಡಿದು ನೋಡಿದರೆ ಮೊಟ್ಟೆಯೊಳಗಿನ ಗಾಳಿಗುಳ್ಳೆ ಕಿತ್ತು ಓಲಾಡುತ್ತಿದೆ, ದಾರಿಯಲ್ಲಿ ಕುಲುಕಿರಬೇಕು, ಮತ್ತೊಮ್ಮೆ ಕಳುಹಿಸಿ ಎಂದು ಬ್ರೆಕ್ ಬರೆದನು. ಮಾರ್ಚಿನಲ್ಲಿ ಎರಡನೆಯ ಪೆಟ್ಟಿಗೆಯನ್ನು ಹೊಟ್ಟಿನ ಜೊತೆಗೆ ತನ್ನ ಹಳೆಯ ಸ್ವೆಟರನ್ನೂ ಸುತ್ತಿ ಕಟ್ಟಿದಳು. ಅದನ್ನೂ ವರ್ಜಿಲನೇ ಒಯ್ದನು. ಅದೂ ಹಾಗೆಯೇ ಆಯಿತು. ಇನ್ನೊಂದೇ ಸಲ ನೋಡುವೆನು, ಆಮೇಲೆ ಈ ಮಾತು ಬೇಡ ಎಂದು ಬ್ರೆಕ್ಕನ ಉತ್ತರ ಬಂದಿತು.

ಡೆಲ್ಫಾ ನೇರವಾಗಿ ಅಂಚೆಕಚೇರಿಗೆ ಹೋದಳು. ನನಗೂ ಅಲ್ಲಿ ಕೆಲಸವಿದ್ದುದರಿಂದ ಜೊತೆಗಿದ್ದೆನು.

"ಕ್ಲೆಮ್, ಇಲ್ಲಿ ಪೆಟ್ಟಿಗೆ ಎಸೆಯೋರು ಯಾರು?"

ಪೋಸ್ಟ್‌ಮಾಸ್ಟರ್ ಕ್ಲೆಮ್ ಓಡೆಗಾರ್ಡನಿಗೆ ಸಿಟ್ಟು ಬಂದಿತು. "ಎಸೆಯೋದಾ? ನಿನ್ನ ಪೆಟ್ಟಿಗೇನ ನಾನೇ ಎತ್ತಿ ಒಲೆ ಪಕ್ಕ ಇಟ್ಟಿದ್ದೀನಮ್ಮ! ಕುಲುಕಿದ್ದು ನಿನ್ನಣ್ಣ. ಮೆಟ್ಟಿಲ ಮೇಲೆ ನಿಂತು, ಕ್ರಿಸ್‌ಮಸ್ ಉಡುಗೊರೆ ಸಿಕ್ಕ ಮಗು ಥರ, ಕಿವಿ ಹತ್ರ ಹಿಡ್ಕೊಂಡು ಗಡಗಡ ಅಂತ. ಎರಡು ಸಲಾನೂ. ತಮಾಷೆಗೆ ಅಂದ್ಕೊಂಡೆ."

ಡೆಲ್ಫಾ ಕೈಗವಸು ಹಾಕಿಕೊಂಡಳು. ರಾತ್ರಿಯ ಊಟದ ಮೇಜಿನಲ್ಲಿ ಅಣ್ಣನ ತಟ್ಟೆಗೆ ಬಡಿಸಿದ ಮೇಲೆಯೇ ಕೇಳಿದಳು.

"ಯಾಕೆ ಅಲ್ಲಾಡಿಸ್ದೆ?"

ವರ್ಜಿಲ್ ಮುಚ್ಚಿಡಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಹೇಳಿದನು: "ವರ್ಷಾ ವರ್ಷಾ ಹೆಬ್ಬಾತಿನ ಮೊಟ್ಟೆ ಅಲ್ಲಾಡಿಸಿ ಗೂಡಲ್ಲಿಡ್ತೀನಲ್ಲ, ಮರಿ ಜಾಸ್ತಿಯಾಗದೇ ಇರ್ಲಿ ಅಂತ. ಆಗ ನೀನೇನೂ ಅಂದಿಲ್ಲ. ಪಾಪ, ಅದು ತಿಂಗಳುಗಟ್ಟಲೆ ಕೂತು ಕೂತು ಕೊನೆಗೆ ತಾನಾಗೇ ಎದ್ದು ಹೋಗುತ್ತೆ. ನೀನೂ ಹಾಗೇ ಎದ್ದು ಒಲೆ ಹತ್ರ ಬರ್ತೀಯ ಅಂದ್ಕೊಂಡೆ. ಉಪ್ಪು ಕೊಡು."

ಅವಳು ಉಪ್ಪು ಕೊಟ್ಟಳು.

ಮೂರನೆಯ ಸಲ ಅವಳು ಮೊಟ್ಟೆ ಕಳುಹಿಸಲಿಲ್ಲ. ಮಾಲೀಕನನ್ನು ಕಾಡಿಬೇಡಿ, ಹ್ಯಾಚರಿಯ ಕಾವುಪೆಟ್ಟಿಗೆಯ ಮೂಲೆಯ ತಟ್ಟೆಯೊಂದರಲ್ಲಿ ತನ್ನ ಮೊಟ್ಟೆಗಳನ್ನಿಟ್ಟಳು. ಏಪ್ರಿಲಿನಲ್ಲಿ ಮೂವತ್ತೊಂದು ಮರಿಗಳಾದವು. ಪ್ರತಿಯೊಂದರ ಕಾಲ್ಬೆರಳ ನಡುವಿನ ತೆಳುಚರ್ಮಕ್ಕೂ ಗುರುತಿನ ಸಣ್ಣ ತೂತು ಹಾಕಿದಳು. ಆದರೆ ಮೂವತ್ತೊಂದು ಮರಿಗಳ ಬಿಸುಪು ಆರೆಗನ್ನಿನವರೆಗೆ ಸಾಲದು. ಬೆಟ್ಟಗಳಲ್ಲಿ ಇನ್ನೂ ಹಿಮವಿತ್ತು. ಅಂದು ಮೊದಲ ಬಾರಿಗೆ ಡೆಲ್ಫಾ ಪೀಪಾಯಿಯ ಕಡೆಗೆ ತಿರುಗಿದಳು. ಒಳಗೆ ಕೈಹಾಕಿ, ಮಿಸುಕುತ್ತಿದ್ದ ಹುಂಜದ ಮರಿಗಳನ್ನು ಆರಿಸಿ, ತನ್ನ ಮರಿಗಳ ಸುತ್ತಲೂ ಒತ್ತೊತ್ತಾಗಿ ತುಂಬಿದಳು. ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಂಚೆಗೆ ತಾನೇ ನಡೆದಳು.

ಒಂದು ವಾರದೊಳಗೆ ಬ್ರೆಕ್ಕನ ಕಾರ್ಡು ಬಂದಿತು. ಕಾರ್ಡುಗಳನ್ನು ಮೊದಲು ಓದುವುದು ತನ್ನ ಹಕ್ಕೆಂದೇ ಕ್ಲೆಮ್ ತಿಳಿದಿದ್ದನು. ಕಿಟಕಿಯ ಬಳಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಓದಿದನು: "ನಿಮ್ಮ ಮೂವತ್ತೊಂದು ಮರಿಗಳೂ ಜೀವದಿಂದ ತಲಪಿವೆ. ಗುರುತಿಲ್ಲದವನ್ನು ಕೊಂದು ಹಾಕಿಸಿದೆನು. ಬಹಳ ಸಂತೋಷ."

ಡೆಲ್ಫಾ ಹ್ಯಾಚರಿಗೆ ರಾಜೀನಾಮೆ ಕೊಟ್ಟಳು. ಕಂದುಬಣ್ಣದ ಒಂದು ಸೂಟ್‌ಕೇಸು ಕೊಂಡಳು. ಮೇ ತಿಂಗಳ ಒಂದು ಸಂಜೆ ಕೊನೆಯ ದಿನದ ಕೆಲಸ ಮುಗಿಸಿ ಅವಳು ಬರುವ ಹೊತ್ತಿಗೆ ನಾನು ಜಗಲಿಯಲ್ಲಿದ್ದೆನು. ಬಟ್ಟೆ ಒಗೆಯುವ ಎರಡು ತೊಟ್ಟಿಗಳ ತುಂಬಾ ಅವಳ ಕೋಳಿಗಳಿದ್ದವು. ತಲೆಗಳು ಕೊಡಲಿಯ ಪಕ್ಕದಲ್ಲಿ ಬೇರೆಯಾಗಿ ಬಿದ್ದಿದ್ದವು.

"ನೀರು ಕುದೀತಿದೆ," ಎಂದನು ವರ್ಜಿಲ್. "ನೀನು ಹೋದ ಮೇಲೆ ಅವಕ್ಕೆ ಕಾಳು ಹಾಕೋರು ಯಾರು? ಹೋಗೋದ್ರೊಳಗೆ ಪುಕ್ಕ ಕಿತ್ತು, ಮಾಂಸ ಬೇಯಿಸಿ ಸೀಸೆಗೆ ತುಂಬಿಸಿಡು. ಚಳಿಗಾಲಕ್ಕೆ ನಂಗಾಗುತ್ತೆ."

ಡೆಲ್ಫಾ ಕೋಟು ಬಿಚ್ಚಿ, ತೋಳು ಮಡಚಿ ಕುಳಿತಳು. ನಾನೂ ಒಂದು ಮಣೆ ಎಳೆದುಕೊಂಡು ಕುಳಿತೆನು. ಒದ್ದೆಯಾದರೆ ಆ ಜೇನುಬಣ್ಣ ಬೂದಿಯ ಬಣ್ಣಕ್ಕೆ ತಿರುಗುತ್ತದೆ. "ಹೋಗ್ಲಿ ಬಿಡಿ ಟೀಚರ್," ಎಂದು ಅವಳೇ ನನ್ನನ್ನು ಸಮಾಧಾನಪಡಿಸಿದಳು. "ಮೂವತ್ತೊಂದು ಅಲ್ಲಿವೆ. ಅವನ ಕೈ ಅಲ್ಲಿಗೆ ಎಟುಕಲ್ಲ."

ಹೊರಡುವುದಕ್ಕೆ ಎರಡು ದಿನ ಮೊದಲು ಇನ್ನೊಂದು ಕಾರ್ಡು ಬಂದಿತು. ಕ್ಲೆಮ್ ದೊಡ್ಡ ದನಿಯಲ್ಲಿ ಓದತೊಡಗಿದನು. ಬರಬರುತ್ತಾ ದನಿ ಇಳಿಯಿತು. "ಮರಿಗಳು ಚೆನ್ನಾಗಿ ಬೆಳೆಯುತ್ತಿವೆ. ಕೋಳಿ ಅಂಗಳಕ್ಕೆ ಇಲ್ಲಿಯ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ. ತಳಿ ಬಂದಾಯಿತಲ್ಲ, ತಾವು ಅಷ್ಟು ದೂರ ಬರುವ ಶ್ರಮ ತೆಗೆದುಕೊಳ್ಳಬೇಡಿ."

ಕಿಟಕಿಯ ಬಳಿ ಯಾರೋ ಕಿಸಕ್ಕನೆ ನಕ್ಕರು.

ಹ್ಯಾಚರಿಯಲ್ಲಿ ಅವಳ ಮೇಜಿಗೆ ಆಗಲೇ ಬೇರೊಬ್ಬಳು ಬಂದಿದ್ದಳು. ಹುಂಜದ ಮರಿಗಳನ್ನು ಪೀಪಾಯಿಗೆ ಹಾಕುವ ಕೆಲಸ ಖಾಲಿಯಿದೆ ಎಂದನು ಮಾಲೀಕ. ಡೆಲ್ಫಾ ಒಪ್ಪಿಕೊಂಡಳು.

ಮರುವರ್ಷದ ವಸಂತದಲ್ಲಿ ಕೋಳಿ ಪತ್ರಿಕೆಯಲ್ಲಿ ಜಾಹೀರಾತು ಬಂದಿತು: "ಬ್ರೆಕ್ ಹೊಂಬಣ್ಣದ ಚಳಿಗಾಲದ ಕೋಳಿ. ಕಾವಿಗಿಡುವ ಮೊಟ್ಟೆಗಳು ಅಂಚೆಯ ಮೂಲಕ." ಡೆಲ್ಫಾ ಹದಿನೈದು ಮೊಟ್ಟೆಗಳಿಗೆ ಬರೆದು ಹಾಕಿದಳು. ತಾನು ಯಾರೆಂದು ಹೆಸರು ಬರೆದಿದ್ದಳು; ಬ್ರೆಕ್ ಎಲ್ಲರಿಗೂ ಹೇಳುವ ಬೆಲೆಯನ್ನೇ ತೆಗೆದುಕೊಂಡನು.

ಪೆಟ್ಟಿಗೆ ಬಂದ ಬೆಳಿಗ್ಗೆ ಅಂಚೆಗೆ ಹೋಗಿದ್ದವನು ವರ್ಜಿಲ್. ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಟ್ರಕ್ಕು ನಡೆಸುತ್ತಾ, ಹಳ್ಳಗುಂಡಿಗಳನ್ನು ತಪ್ಪಿಸಿ ತಂದಿದ್ದನು. ಎಳೆಮಗುವನ್ನು ಮಲಗಿಸುವವನಂತೆ ಅಡಿಗೆಮನೆಯ ಮೇಜಿನ ಮೇಲಿಟ್ಟನು.

"ಒಂದೂ ಅಲ್ಲಾಡಿಸಿಲ್ಲ ಕಣೇ, ದೇವರಾಣೆ. ಈಗ್ಯಾಕೆ ಅಲ್ಲಾಡಿಸ್ಲಿ? ನೀನೀಗ ಎಲ್ಲಿಗೂ ಹೋಗಲ್ವಲ್ಲ."

ಡೆಲ್ಫಾ ಮೊಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ದೀಪಕ್ಕೆ ಹಿಡಿದು ನೋಡಿದಳು. ಎಲ್ಲದರ ಗಾಳಿಗುಳ್ಳೆಯೂ ಇದ್ದಲ್ಲೇ ಇತ್ತು. ಅವನು ಹೇಳಿದ್ದು ನಿಜ. ಅವಳು ಬಾಣಲೆಯನ್ನು ಒಲೆಗಿಟ್ಟು ಬೆಣ್ಣೆ ಹಾಕಿದಳು. ಬೆಣ್ಣೆ ಕರಗಿದ ಮೇಲೆ ಮೊದಲನೆಯದನ್ನು ಅಂಚಿಗೆ ತಟ್ಟಿ ಒಡೆದಳು.

"ಏಯ್, ಅದು ಮರಿ ಮಾಡ್ಸೋಕೆ ತರಿಸಿದ್ದಲ್ವೇನೇ?" ವರ್ಜಿಲ್ ಅರ್ಧ ಎದ್ದನು.

"ನಿಂಗೆ ಮೂರು ಸಾಕಾ, ನಾಲ್ಕು ಹಾಕ್ಲಾ?"

ಅವನು ನನ್ನ ಮುಖ ನೋಡಿದನು. ನಾನು ಕಾಫಿಯ ಬಟ್ಟಲು ನೋಡುತ್ತಿದ್ದೆನು. ವರ್ಜಿಲ್ ಕುರ್ಚಿ ಎಳೆದುಕೊಂಡು ಕುಳಿತು, ಅವಳು ಹಾಕಿದಷ್ಟನ್ನೂ ತಿಂದನು. ಡೆಲ್ಫಾ ಮಿಕ್ಕವನ್ನು ನಾಳೆಗೆಂದು ಬಟ್ಟಲಿನಲ್ಲಿಟ್ಟು, ಪೆಟ್ಟಿಗೆಯನ್ನು ಮುರಿದು ಒಲೆಗೆ ತುರುಕಿ, ಕೋಟು ತೊಟ್ಟಳು. ಅಂದು ಹ್ಯಾಚರಿಯಲ್ಲಿ ಮರಿಗಳು ಹೊರಬರುವ ದಿನ, ಬೇಗ ಹೋಗಬೇಕಾಗಿತ್ತು.