ನಾಲ್ಕು ಮಕ್ಕಳ ತಾಯಿ

ಸತ್ತವರ ಬಗ್ಗೆ ಒಳ್ಳೆಯದು ಹೇಳುವುದೂ ಒಂದು ಕಸುಬು. ಅಂಕೋಲೆ ಸೀಮೆಯ ಒಂದು ಸಣ್ಣ ಇಗರ್ಜಿಗೆ ಏಳು ವರ್ಷ ಆ ಕಸುಬು ಮಾಡಿಕೊಟ್ಟವರು ಕಾಯ್ತಾನ ಮಾಸ್ತರು. ಹೆಸರು ಮಾತ್ರ ಪಾದ್ರಿಗಳದ್ದು.

ಮಾಸ್ತರು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಅಲ್ಲಿಯ ಕ್ರೈಸ್ತರಿಗೆ ಮನೆಯಲ್ಲೂ ಕೊಂಕಣಿ, ಭಾನುವಾರದ ಪೂಜೆಯಲ್ಲೂ ಕೊಂಕಣಿ. ಆದರೆ ಸಾವಾದರೆ ಊರಿಗೆ ಊರೇ ಬರುತ್ತದೆ. ಮೀನುಗಾರರ ಕೇರಿಯವರು ಬರುತ್ತಾರೆ, ಗದ್ದೆ ಕೆಲಸದವರು ಬರುತ್ತಾರೆ. ಹಾಗಾಗಿ ಸಾವಿನ ಪ್ರವಚನ ಕನ್ನಡದಲ್ಲೇ ಆಗಬೇಕೆಂಬುದು ಹಳೆಯ ರೂಢಿ. ಹೊಸದಾಗಿ ಬಂದ ಫಾದರ್ ಸಾಲ್ವಾದೋರ ಗೋವೆಯವರು, ಕನ್ನಡದ ಒಂದಕ್ಷರ ಬಾರದು. ಮಾಸ್ತರು ಕನ್ನಡದ ಪ್ರವಚನವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಡುವುದು, ಫಾದರ್ ಅದನ್ನು ಗಂಭೀರವಾಗಿ ಓದುವುದು ಎಂದಾಯಿತು. ಅರ್ಥ ಎಷ್ಟು ತಲೆಗೆ ಹೋಗುತ್ತಿತ್ತೋ, ದೇವರಿಗೇ ಗೊತ್ತು. ಧ್ವನಿ ಮಾತ್ರ ಚೆನ್ನಾಗಿತ್ತು.

ಮೊದಮೊದಲು ಮಾಸ್ತರು ಜೀವ ತೇಯ್ದು ಬರೆದರು. ಸಾವಿನ ಗಂಟೆ ಕೇಳಿದೊಡನೆ ಚಪ್ಪಲಿ ಮೆಟ್ಟಿ ಸತ್ತವರ ಮನೆಗೆ ಹೋಗುವರು. ಮಕ್ಕಳನ್ನು ಕೇಳುತ್ತಿರಲಿಲ್ಲ, ಮಕ್ಕಳು ಹೊಗಳುತ್ತಾರೆ. ನೆರೆಯವರನ್ನು ಕೇಳುವರು: ಯಾರ ಸಂಗಡ ಜಗಳ ಇತ್ತು, ಎಂತ ತಿಂದರೆ ಖುಷಿ, ಕೊನೆಯ ಸಲ ನಕ್ಕದ್ದು ಯಾವಾಗ. ವಾಕ್ಯಗಳು ಚಿಕ್ಕವು, ಫಾದರ್‌ಗೆ ಉಬ್ಬಸ. ಉಸಿರು ತೆಗೆದುಕೊಳ್ಳುವಲ್ಲಿ ಒಂದು ಗೀಟು, ಧ್ವನಿ ಇಳಿಸುವಲ್ಲಿ ಎರಡು, ಪೆಟ್ಟಿಗೆಯತ್ತ ತಿರುಗಿ ನೋಡಬೇಕಾದಲ್ಲಿ ಒಂದು ಸಣ್ಣ ಶಿಲುಬೆ. ಹೆಂಗಸರು ಅಳುವುದು ಸರಿಯಾಗಿ ಆ ಶಿಲುಬೆಯ ಹತ್ತಿರವೇ.

ಆಮೇಲೆ ಬೇಸರ ಹತ್ತಿತು. ಸುಳ್ಳೇಕೆ ಹೇಳಲಿ, ಸೋಮಾರಿತನವೂ ಬಂತು. ಜಲ್ಲಿ ಕ್ರಷರ್ ಇಟ್ಟ ಸಾಹುಕಾರರ ತಾಯಿ ತೀರಿಕೊಂಡಾಗ ಬರೆದದ್ದು ಭಾರೀ ಹೆಸರು ಮಾಡಿತು. ಮಾಸ್ತರು ಅದನ್ನೇ ಅಚ್ಚು ಮಾಡಿಕೊಂಡರು. ಹೆಂಗಸು ಸತ್ತರೆ ಹೆಸರು ಬದಲಿಸು, ಮಕ್ಕಳ ಲೆಕ್ಕ ಬದಲಿಸು, ಕೊಡು. ಬದಲಿಸಿದ್ದನ್ನು ಬೇರೆ ಹಾಳೆಯಲ್ಲಿ ಬರೆದು ಕೊಡುವರು. ಮೂಲ ಪ್ರತಿಯನ್ನು ಫಾದರ್ ತಮ್ಮ ಫೈಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು.

ಈ ಮೋಸ ಕಂಡವಳು ಮಾಸ್ತರ ಹೆಂಡತಿ ಸೆರಾಫಿನ ಒಬ್ಬಳೇ. ಅವಳು ಟೈಲರ್. ಊರಿನ ಯಾವ ಕೂಸಿಗೆ ದೀಕ್ಷಾಸ್ನಾನವಾದರೂ ಬಿಳಿ ಅಂಗಿ ಅವಳ ಮಷಿನಿನಿಂದಲೇ ಬರಬೇಕು. ಕೇರಿಯ ಹಿಂದೂ ಕೂಸುಗಳ ಜಬಲಾ ಅಂಗಿ ಕೂಡ ಅವಳದ್ದೇ. ಅವಳಿಗೆ ಮಕ್ಕಳಿರಲಿಲ್ಲ. ಅಂಗಿ ಹೊಲಿಸಿಕೊಂಡು ಹೋದ ಒಬ್ಬಳಾದರೂ ಅವಳನ್ನು ದೀಕ್ಷಾಸ್ನಾನದಲ್ಲಿ ಕೂಸನ್ನು ಎತ್ತಿಕೊಂಡು ಧರ್ಮಮಾತೆಯಾಗಿ ನಿಲ್ಲಲು ಕರೆಯಲಿಲ್ಲ. ಬಂಜೆಯ ಕೈಗೆ ಕೂಸು ಕೊಡುವುದೇ ಎಂಬ ಲೆಕ್ಕ. ನಲವತ್ತು ವರ್ಷ ಹೀಗೇ ನಡೆಯಿತು, ಥೂ! ಅವಳು ಅಳುತ್ತಿರಲಿಲ್ಲ, ಬೈಯುತ್ತಿದ್ದಳು. ಬೈದು ಮತ್ತೆ ಹೊಲಿಯುತ್ತಿದ್ದಳು.

ಒಂದು ದಿನ ಮಾಸ್ತರು ಅಚ್ಚಿನೊಳಗೆ ಹೊಸ ಹೆಸರು ತುಂಬುವುದನ್ನು ನೋಡಿ, ಬಾಯಲ್ಲಿದ್ದ ದಾರ ಕಡಿದು ಅಂದಳು: "ಮಾಸ್ತರೇ, ನಾ ಸತ್ತಾಗ ಈ ಸಕ್ಕರೆ ಪಾಕ ಬೇಡ. ನಂಗೆ ಮಕ್ಕಳಿಲ್ಲ ಅಂತ ಮೊದಲೇ ಹೇಳೂದು. ಅಂಗಿ ಹೊಲ್ಸ್ಕಂಡವ್ರೆಲ್ಲ ಅಲ್ಲೇ ಕೂತಿರ್ತರಲ್ಲ, ಕೇಳ್ಲಿ."

ಮಾಸ್ತರು ಮಾತು ಕೊಟ್ಟರು.

ಮಳೆಗಾಲ ಮುಗಿದ ಮೇಲೆ ಅವಳಿಗೆ ಲಕ್ವ ಹೊಡೆಯಿತು. ಕಾರವಾರದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು, ನಾಲ್ಕನೆಯ ದಿನ ಇಲ್ಲ. ಹೆಣ ಮನೆಗೆ ಬಂದ ಬೆಳಿಗ್ಗೆ ಮಾಸ್ತರು ಅವಳ ಮಷಿನಿನ ಮೇಲೆಯೇ ಕಾಗದ ಇಟ್ಟು ಬರೆಯಲು ಕೂತರು. ಯಾರನ್ನೂ ಕೇಳಬೇಕಾಗಿರಲಿಲ್ಲ. ಮೊದಲ ವಾಕ್ಯ, ಇವಳಿಗೆ ಮಕ್ಕಳಿರಲಿಲ್ಲ. ಎರಡನೆಯದು, ನಿಮ್ಮ ಮಕ್ಕಳಲ್ಲಿ ಇವಳು ಮುಟ್ಟದ ಮೈ ಒಂದೂ ಇಲ್ಲ, ಆದರೂ ನೀವು ಇವಳ ಕೈಗೆ ಒಂದು ಕೂಸು ಕೊಡಲಿಲ್ಲ. ಹೀಗೆ ನಾಲ್ಕು ಪುಟ. ಅಚ್ಚಿನ ಒಂದು ಮಾತೂ ಅದರಲ್ಲಿ ಇರಲಿಲ್ಲ. ಅಚ್ಚು ಹಿಡಿದ ಮೇಲೆ ಅವರು ಬರೆದ ಒಂದೇ ಒಂದು ನಿಜವಾದ ಪ್ರವಚನ ಅದು. ಮಡಚಿ ಫಾದರ್ ಕೈಗೆ ಕೊಟ್ಟರು. ಫಾದರ್ ಬಿಚ್ಚಿ ನೋಡದೆ ಜೇಬಿಗೆ ಹಾಕಿದರು. ಯಾವಾಗಲೂ ಹಾಗೆಯೇ.

ಇಗರ್ಜಿ ತುಂಬಿತ್ತು. ಹೊರಗೆ ಮೆಟ್ಟಿಲ ಮೇಲೂ ಜನ. ಫಾದರ್ ಎದ್ದು ನಿಂತು ಕಾಗದ ಬಿಚ್ಚಿದರು. ಒಂದು ಹಾಳೆ ತಿರುಗಿಸಿದರು, ಇನ್ನೊಂದು ತಿರುಗಿಸಿದರು. ಮುಂದಿನ ಬೆಂಚಿನಲ್ಲಿದ್ದ ಮಾಸ್ತರಿಗೆ ಆಗ ಹೊಳೆಯಿತು. ನಾಲ್ಕೂ ಪುಟ ಕನ್ನಡ ಅಕ್ಷರದಲ್ಲಿದ್ದವು! ಹೆಂಡತಿಯ ಬಗ್ಗೆ ಬರೆಯುವಾಗ ಕೈ ತನ್ನ ಅಕ್ಷರಕ್ಕೇ ಹೋಗಿತ್ತು, ಇಂಗ್ಲಿಷ್ ಅಕ್ಷರದ ನೆನಪೇ ಆಗಿರಲಿಲ್ಲ.

ಫಾದರ್ ಕಾಗದ ಮಡಚಿ ಜೇಬಿಗೆ ಸೇರಿಸಿ, ಪೀಠದ ಮೇಲಿದ್ದ ಫೈಲಿನಿಂದ ಬೇರೆ ಹಾಳೆ ತೆಗೆದರು. ಸಾಹುಕಾರರ ತಾಯಿಯದ್ದು. ಹೆಸರೊಂದನ್ನು ಬದಲಿಸಿ, ಗಂಭೀರವಾಗಿ ಓದತೊಡಗಿದರು.

"ಸೆರಾಫಿನ ನಾಲ್ಕು ಮಕ್ಕಳ ತಾಯಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಯಾರೋ ಕೆಮ್ಮಿ ಅದನ್ನು ಮುಚ್ಚಿದರು. ಫಾದರ್ ನಿಲ್ಲಲಿಲ್ಲ. ಮಕ್ಕಳನ್ನು ಮಡಿಲಲ್ಲಿಟ್ಟು ಸಾಕಿದಳು, ಮೊಮ್ಮಕ್ಕಳ ನಗುವಿನಲ್ಲಿ ಅವಳು ಇಂದೂ ಇದ್ದಾಳೆ. ಮಾಸ್ತರು ಅರ್ಧ ಎದ್ದು ಮತ್ತೆ ಕೂತರು. ಎದ್ದು ಏನು ಹೇಳುವುದು? ಪ್ರತಿಯೊಂದು ವಾಕ್ಯವೂ ಅವರದ್ದೇ. ಗೀಟಿನಲ್ಲಿ ಫಾದರ್ ಉಸಿರು ತೆಗೆದುಕೊಂಡರು, ಎರಡು ಗೀಟಿನಲ್ಲಿ ಧ್ವನಿ ಇಳಿಸಿದರು, ಶಿಲುಬೆ ಬಂದಾಗ ಪೆಟ್ಟಿಗೆಯತ್ತ ತಿರುಗಿದರು. ಅಲ್ಲಿ ಹೆಂಗಸರು ಅತ್ತರು. ನಕ್ಕವರೂ ಅತ್ತರು.

ಮಣ್ಣು ಹಾಕಿ ಬರುವಾಗ ನಾಲ್ಕಾರು ಜನ ಮಾಸ್ತರ ಕೈ ಹಿಡಿದು, ಪ್ರವಚನ ಚಲೋ ಆಯ್ತು ಅಂದರು. ಮೀನು ಮಾರುವ ಹೊನ್ನಿ ಮಾತ್ರ ಗೇಟಿನ ಹತ್ತಿರ ನಿಂತೇ ಇದ್ದಳು. ಸೆರಾಫಿನಳ ಗೆಳತಿ ಎಂದರೆ ಅವಳೊಬ್ಬಳೇ.

"ಸೆರಾಫಿನ ಬಾಯಿಗೆ ಇದ್ರಷ್ಟು ದೊಡ್ಡ ಬೈಗುಳ ಯಾರೂ ಬೈದಿರ್ಲಿಲ್ಲ, ಮಾಸ್ತರೇ," ಅಂದು ಅವಳು ಮುಖ ತಿರುಗಿಸಿ ಹೋದಳು.

ಎಂಟು ದಿನ ಕಳೆದು ಫಾದರ್ ಮನೆಗೆ ಬಂದರು. ತಪ್ಪಾಯಿತೆಂದು ಅವರಿಗೆ ಗೊತ್ತಾಗಿತ್ತು, ಯಾರೋ ಹೇಳಿದ್ದರು. ನಾಲ್ಕು ಪುಟ ಮರಳಿ ಕೊಟ್ಟು, ಓದಲು ಬರಲಿಲ್ಲ, ಅವಸರದಲ್ಲಿ ಹಾಗಾಯಿತು, ಕ್ಷಮಿಸಿ ಎಂದು ಕೊಂಕಣಿಯಲ್ಲಿ ಅಂದರು. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರಿತ್ತು. ಸತ್ತು ತಿಂಗಳು ತುಂಬಿದ ದಿನದ ಪೂಜೆಯಲ್ಲಿ ಇದನ್ನೇ ಓದೋಣ, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಿ ಎಂದರು. ತಿಂಗಳ ಪೂಜೆಗೆ ಬರುವವರು ಹತ್ತು ಜನ. ಊರು ಬರುವುದು ಹೆಣಕ್ಕೆ, ಅದು ಒಂದೇ ಸಲ.

ಮಾಸ್ತರು ಪುಟಗಳನ್ನು ಮಷಿನಿನ ಡ್ರಾಯರಿಗೆ ಹಾಕಿ ಮುಚ್ಚಿದರು.

"ಬೇಡ ಫಾದರ್. ಆ ಹಳೇದು ಫೈಲಲ್ಲಿ ಜೋಪಾನ ಇರ್ಲಿ. ನಾ ಸತ್ತಾಗ ಅದನ್ನೇ ಓದಿ. ತಾಯಿ ಅಂತಿದ್ದಲ್ಲಿ ತಂದೆ ಮಾಡಿ, ಸಾಕು. ಮಕ್ಕಳು ಮಾತ್ರ ನಾಲ್ಕೇ ಇರ್ಬೇಕು. ಗಂಡ ಹೆಂಡ್ತಿ ಲೆಕ್ಕ ತಾಳೆ ಆಗ್ಬೇಕಲ್ಲ."