ಹೂವಿಗೆ ಬಿಟ್ಟ ನೀರು

ನಮ್ಮೂರ ಪಂಚಾಯಿತಿ ಲೈಬ್ರರಿಯಲ್ಲಿ ತಿಂಗಳಿಗೊಂದು ಭಾನುವಾರ ನಾನು ಪುಸ್ತಕಗಳ ಬಗ್ಗೆ ಮಾತಾಡುತ್ತೇನೆ. ಯಾರೂ ಕರೆದದ್ದಲ್ಲ, ನಾನೇ ಮುಂದೆ ಬಿದ್ದು ಶುರು ಮಾಡಿದ್ದು. ಕಥೆ ಕಾದಂಬರಿಯನ್ನು ಅವರವರೇ ಹುಡುಕಿಕೊಳ್ಳಲಿ. ರಾಜಕೀಯ, ಅರ್ಥಶಾಸ್ತ್ರ, ವಿಜ್ಞಾನ, ಪರಿಸರ, ಇವನ್ನು ಓದಿಸುವುದು ನನ್ನ ಹಟ. ರಾಜಕೀಯದ ಪುಸ್ತಕವನ್ನು ಎಲೆಕ್ಷನ್ ಇಲ್ಲದ ವರ್ಷ ಓದಿ, ತಲೆ ತಣ್ಣಗಿರುತ್ತದೆ ಎನ್ನುತ್ತೇನೆ. ಅರ್ಥಶಾಸ್ತ್ರ ಹಿಡಿಯಲು ಕರಿಮೆಣಸಿನ ರೇಟು ಬಿದ್ದ ವಾರಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ವಿಜ್ಞಾನದ್ದಾದರೆ ಅರ್ಥವಾಗದ ಪುಟ ಹಾರಿಸಿ, ಯಾರೂ ಪರೀಕ್ಷೆ ಇಡುವುದಿಲ್ಲ. ಕೇಳುವವರು ನಗುತ್ತಾರೆ. ನಗಿಸಿದೆನಲ್ಲ ಎಂದು ನಾನು ಇನ್ನಷ್ಟು ಉಬ್ಬುತ್ತೇನೆ.

ಈ ಮಾರ್ಚಿನಲ್ಲಿ ನದಿ, ಕೆರೆ, ಅಂತರ್ಜಲದ ಮೇಲಿನ ಒಂದು ಪುಸ್ತಕ ಆರಿಸಿದ್ದೆ. ಹೂಮಳೆ ಬಂದಿರಲಿಲ್ಲ. ಆ ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ. ಕೈಕೊಟ್ಟರೆ ತೋಟದವರು ತೋಡಿಗೆ, ಅಂದರೆ ಊರ ಹಳ್ಳಕ್ಕೆ, ಪಂಪು ಇಟ್ಟು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸುತ್ತಾರೆ. ಎಲ್ಲರೂ ಎಳೆದೂ ಎಳೆದೂ ನಮ್ಮ ತೋಡು ಕೆಳಗಿನ ಕಾಲೊನಿ ಮುಟ್ಟುವಷ್ಟರಲ್ಲಿ ಬರೀ ಕಲ್ಲು ಕಾಣುತ್ತಿತ್ತು. ಅದರ ದಡದ ಬಾವಿಯೊಂದೇ ಕಾಲೊನಿಯವರಿಗೆ ಕುಡಿಯುವ ನೀರಿಗೆ ಗತಿ. ಅದೂ ತಳ ಕಂಡಿತ್ತು.

ಆ ಭಾನುವಾರ ಕಾಲೊನಿಯ ಹೆಂಗಸೊಬ್ಬಳು ಮುಂದಿನ ಬೆಂಚಿನಲ್ಲೇ ಕೂತಿದ್ದಳು. ನಮ್ಮ ತೋಟಕ್ಕೂ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಬರುವವಳು. ನಾನು ಪುಸ್ತಕ ಎತ್ತಿ ಹಿಡಿದು, ನೀರಿನ ಮೇಲೆ ಮೊದಲ ಹಕ್ಕು ಬಾಯಾರಿದವರದ್ದು, ಬೆಳೆಯದ್ದಲ್ಲ ಎಂದೆ.

"ಹಂಗಾದ್ರೆ ಅಕ್ಕ, ಮೇಲಿನವ್ರು ಪಂಪ್ ನಿಲ್ಸ್ಬೇಕು ಅಂತ ಬರ್ದಿದ್ದಾರಾ ಅದ್ರಲ್ಲಿ?" ಎಂದು ಅವಳು ಕೇಳಿದಳು.

"ನಿಲ್ಲಿಸಲೇಬೇಕು" ಎಂದೆ. ಮೇಲಿನವರು ಎಂದರೆ ನನ್ನ ಲೆಕ್ಕದಲ್ಲಿ ಯಾವತ್ತೂ ದೊಡ್ಡ ಎಸ್ಟೇಟಿನವರು.

ಅಷ್ಟರಲ್ಲಿ ಗಂಡನ ಫೋನು. ನನ್ನ ಕಿವಿ ಸ್ವಲ್ಪ ಮಂದ, ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಲೈಬ್ರರಿ ತುಂಬಾ ಅವರ ದನಿ ಕೇಳಿತು: "ಬರ್ತಾ ಡೀಸೆಲ್ ತಗೊಂಡ್ ಬಾ. ಇಂಜಿನ್ ನಿಂತೋಯ್ತು. ಹೂವಿಗೆ ನೀರು ಇನ್ನೂ ಅರ್ಧ ಆಗಿದೆ ಅಷ್ಟೆ."

ನಾನು ಮನೆ ಬಿಡುವಾಗಲೇ ಆ ಇಂಜಿನ್ ಓಡುತ್ತಿತ್ತು. ನಾಲ್ಕು ದಿನದ ಸದ್ದಿಗೆ ಒಗ್ಗಿಹೋಗಿ, ಭಾಷಣ ಮಾಡುವಾಗ ನಮ್ಮ ಪಂಪಿನ ನೆನಪೇ ಬರಲಿಲ್ಲ. ನಂಬುವವರು ನಂಬಲಿ. ಯಾರಾದರೂ ಕಿಸಕ್ಕೆಂದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು, ಒಬ್ಬರೂ ನಗಲಿಲ್ಲ. ಅರ್ಧ ನೀರು ಕುಡಿದ ಮೊಗ್ಗು ಅರಳದೆ ಕರಕಲಾಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು.

"ಹೋಗಿ ಅಕ್ಕ, ಹೂವು ಕೆಡ್ತದೆ" ಎಂದಳು ಅವಳು.

ಹೋದೆ. ಡೀಸೆಲ್ ಕೊಂಡೆ. ತೋಟದಲ್ಲಿ ಕ್ಯಾನ್ ಇಳಿಸುವಾಗ, ಸಾಕು, ನಿಲ್ಲಿಸೋಣವಾ ಎಂದು ಗಂಡನನ್ನು ಕೇಳಿದೆ.

"ಈಗಲಾ?" ಎಂದರು.

ನಾನು ಎರಡನೇ ಸಲ ಕೇಳಲಿಲ್ಲ. ಅವರು ಹೂಂ ಎಂದುಬಿಟ್ಟಾರೆಂಬ ಹೆದರಿಕೆ ನನಗೂ ಇತ್ತು.

ಮರುದಿನ ಬೆಳಿಗ್ಗೆ ಅವಳು ಕೊಡ ಹಿಡಿದು ನಮ್ಮ ಅಂಗಳಕ್ಕೆ ಬಂದಳು. ನಮ್ಮ ಟ್ಯಾಂಕಿಗೂ ಅದೇ ತೋಡಿನ ನೀರು. ಅವಳ ಮುಖ ನೋಡದೆ ನಲ್ಲಿ ತಿರುಗಿಸಿದೆ. ಅವಳು ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೇಳಿದಳು: "ದೇವ್ರು ಒಳ್ಳೇದ್ ಮಾಡ್ಲಿ ಅಕ್ಕ. ಈ ಬಿಸ್ಲಲ್ಲಿ ಯಾರು ಕೊಡ್ತಾರೆ ನೀರು?"

ಆ ಮಾತಿನಲ್ಲಿ ಕೊಂಕಿದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಎದೆ ಹಗುರಾಗುತ್ತಿತ್ತು. ಇರಲಿಲ್ಲ. ಅವಳು ನಿಜವಾಗಿಯೂ ಉಪಕಾರ ಸ್ಮರಿಸುತ್ತಿದ್ದಳು, ಅವಳ ಬಾವಿಗೆ ಇಳಿಯಬೇಕಿದ್ದ ನೀರಿಗೆ.

"ಪರವಾಗಿಲ್ಲ" ಎಂದೆ. "ನಾಳೆನೂ ಬಾ."