ಗಾಳಿ ತುಂಬಿದ ಕೊಳದಲ್ಲಿ ದೀಪದ ದೋಣಿ

ಈ ಪರದೇಶದ ಅಪ್ಪರ್ ಹಟ್ ಎಂಬ ಊರಿನ ವೃದ್ಧಾಶ್ರಮದಲ್ಲಿ ನನ್ನ ಜೊತೆ ಕೆಲಸ ಮಾಡುವ ಥಾಯ್ ನರ್ಸ್ ನನಗಿಂತ ಬಹಳ ದೊಡ್ಡವರು. ಕಳೆದ ನವೆಂಬರ್ ಹುಣ್ಣಿಮೆಗೆ ಅವರು ನನ್ನನ್ನು ತಮ್ಮ ದೀಪದ ಹಬ್ಬಕ್ಕೆ ಕರೆದರು. ಬಾಳೆದಿಂಡಿನ ಬಿಲ್ಲೆಗೆ ಎಲೆ, ಹೂವು ಕಟ್ಟಿ, ಮೇಣದಬತ್ತಿ ಹಚ್ಚಿ ಹೊಳೆಯಲ್ಲಿ ತೇಲಿಬಿಡುತ್ತಾರಂತೆ. ಮನಸ್ಸಿನ ಭಾರವೂ ಅದರ ಜೊತೆಗೇ ಹೋಗುತ್ತದಂತೆ.

"ನಮ್ಮಲ್ಲೂ ಕಾರ್ತಿಕ ಮಾಸದಲ್ಲಿ ಹೀಗೇ ದೀಪ ಬಿಡ್ತಾರೆ" ಎಂದೆ.

"ಹಾಗಾದ್ರೆ ನಿನಗೆ ಹೇಳಿಕೊಡೋದೇನಿದೆ, ಬಾ."

ನಾವು ಮಾತಾಡುವುದೆಲ್ಲ ಇಂಗ್ಲಿಷ್‌ನಲ್ಲೇ. ನನಗೆ ಮಾತ್ರ ಅವರ ಮಾತು ನೆನಪಾಗುವುದು ಕನ್ನಡದಲ್ಲಿ.

ಇಲ್ಲಿ ಹೊಳೆಗೆ ಏನೂ ಹಾಕಬಾರದೆಂದು ಅವರು ಹಿತ್ತಲಿನಲ್ಲಿ ಮಕ್ಕಳ ಪ್ಲಾಸ್ಟಿಕ್ ಕೊಳಕ್ಕೆ ಗಾಳಿ ಊದಿ ನೀರು ತುಂಬಿಸಿದ್ದರು. ಅವರ ಗೆಳತಿಯರೂ ಮೂರು ನಾಲ್ಕು ಜನ ಬಂದಿದ್ದರು. ಬಾಳೆದಿಂಡಿನ ಬದಲು ದಪ್ಪ ಬನ್ನು. ಬಾಳೆಲೆ ಏಷ್ಯನ್ ಅಂಗಡಿಯ ಫ್ರೀಜರಿನದು. ನಾನು ದೊನ್ನೆ ಕಟ್ಟುವ ಹಾಗೆ ಎಲೆ ಮಡಚಿ ಕಡ್ಡಿ ಚುಚ್ಚಿದೆ. ಆಮೇಲೆ ಅವರು ನೇಲ್ ಕಟರ್ ಕೊಟ್ಟರು.

"ಒಂಚೂರು ಉಗುರು ತೆಗೆದು ಇದರಲ್ಲಿಡು. ಬೇಡದ್ದೆಲ್ಲ ಹೋಗುತ್ತೆ."

ನಾನು ಕೈ ಹಿಂದೆಳೆದುಕೊಂಡೆ. "ಸಂಜೆ ಹೊತ್ತು ಉಗುರು ತೆಗೆದ್ರೆ ನಮ್ಮಕ್ಕ ಬಯ್ತಾಳೆ."

"ಎಲ್ಲಿದ್ದಾಳೆ ಅಕ್ಕ?"

ಬಯ್ತಾಳೆ ಎಂದುಬಿಟ್ಟಿದ್ದೆ. ನನ್ನನ್ನು ಸಾಕಿದ ಅಕ್ಕ ಕೊರೊನಾ ಕಾಲದಲ್ಲಿ ಮೈಸೂರಿನಲ್ಲಿ ತೀರಿಕೊಂಡಳು. ಆಗ ಈ ದೇಶದ ಬಾಗಿಲು ಮುಚ್ಚಿತ್ತು. ಅವಳ ಮುಖವನ್ನು ಕೊನೆಗೆ ನೋಡಿದ್ದು ಫೋನಿನಲ್ಲಿ, ಅದೂ ಯಾರದೋ ಭುಜದ ಸಂದಿಯಿಂದ. ಇಷ್ಟನ್ನೂ ಅವರಿಗೆ ಹೇಳಿದೆ. ಅವರು ಕಟರ್ ತೆಗೆದು ಜೇಬಿಗೆ ಹಾಕಿಕೊಂಡರು.

ನವೆಂಬರ್ ಎಂದರೆ ಇಲ್ಲಿ ಬೇಸಿಗೆಯ ಹೊಸ್ತಿಲು, ಬೇಗ ಕತ್ತಲಾಗುವುದಿಲ್ಲ. ಕಾದೆವು. ಗಾಳಿಗೆ ಬತ್ತಿ ಆರುತ್ತಲೇ ಇತ್ತು. ಕೊನೆಗೆ ಇಬ್ಬರೂ ಕೈ ಅಡ್ಡ ಹಿಡಿದು ಹಚ್ಚಿ ನೀರಿಗೆ ಬಿಟ್ಟೆವು. ಏನೂ ಬೇಡಿಕೊಳ್ಳಲು ತೋಚಲಿಲ್ಲ. ನನ್ನ ದೋಣಿ ಎದುರಿನ ಅಂಚಿಗೆ ಬಡಿದು, ನಿಧಾನವಾಗಿ ತಿರುಗಿ, ನನ್ನ ಮಂಡಿಯ ಹತ್ತಿರಕ್ಕೇ ಬಂದು ನಿಂತಿತು. ತಳ್ಳಿದೆ. ಮತ್ತೆ ಬಂತು. ನನಗೆ ಅದನ್ನು ಮೂರನೆಯ ಸಲ ತಳ್ಳಲು ಮನಸ್ಸಾಗಲಿಲ್ಲ.

ಅವರು ನಕ್ಕರು. "ನನ್ನದೂ ಪ್ರತಿ ವರ್ಷ ವಾಪಸ್ ಬರುತ್ತೆ."

"ನಿಮ್ಮದರಲ್ಲಿ ಏನಿದೆ?"

"ಮಗ. ನಮ್ಮೂರು ಚಿಯಾಂಗ್ ಮಾಯ್‌ನಲ್ಲಿ ಅಜ್ಜಿ ಹತ್ತಿರ ಬೆಳೆದ. ಈಗ ಫೋನ್ ಮಾಡಿದ್ರೆ ಮರ್ಯಾದೆಯಿಂದ ಮಾತಾಡ್ತಾನೆ, ಟೀಚರ್ ಹತ್ತಿರ ಮಾತಾಡಿದ ಹಾಗೆ." ತಮ್ಮ ದೋಣಿಯನ್ನು ಮತ್ತೆ ತಳ್ಳುತ್ತ, "ಆದ್ರೂ ಮಾಡ್ತೀನಿ. ದನಿಯಾದ್ರೂ ಕೇಳುತ್ತಲ್ಲ" ಎಂದರು.

ಎಲ್ಲರೂ ಊಟಕ್ಕೆ ಒಳಗೆ ಹೋದರು. ನಾನು ಬೇಲಿಯ ಪಕ್ಕ ಉಳಿದು ಅಕ್ಕನ ಮಗಳ ನಂಬರ್ ಒತ್ತಿದೆ. ಇಷ್ಟು ಕಾಲ ಅವಳಿಗೆ ಬರೀ ಮೆಸೇಜ್ ಕಳಿಸುತ್ತಿದ್ದೆ, ಅವಳ ದನಿ ಥೇಟ್ ಅಕ್ಕನದು ಎನ್ನುವ ಕಾರಣಕ್ಕೇ.

"ಚಿಕ್ಕಮ್ಮಾ! ಏನಾಯ್ತು? ಹುಷಾರಾಗಿದ್ದೀ ತಾನೇ?"

"ಏನಿಲ್ಲ ಕಣೇ. ಸುಮ್ನೆ ಮಾಡ್ದೆ. ನೀನು ಮಾತಾಡ್ತಾ ಇರು."

ಅವಳು ಕಾಲೇಜು, ಸಿಟಿ ಬಸ್ಸಿನ ನೂಕುನುಗ್ಗಲು, ಕೆಟ್ಟುಹೋದ ಮಿಕ್ಸಿ ಎಂದು ಹೇಳುತ್ತಲೇ ಹೋದಳು. ನಾನು ಕಣ್ಣು ಮುಚ್ಚಿ ಕೇಳಿಸಿಕೊಂಡೆ.